ಅಪ್ಪ–ಅಮ್ಮನಿಗೆ ಯಾವ ವಿಮೆ?

ಪ್ರಶ್ನೆ: ತಂದೆಗೆ 71, ತಾಯಿಗೆ 66. ನಮ್ಮ ಫ್ಯಾಮಿಲಿ ಫ್ಲೋಟರ್‌ಗೇ ಅವರನ್ನೂ ಸೇರಿಸಬಹುದೇ?

ಉತ್ತರ: ಬೇಡ, ಬೇರೆ ಪಾಲಿಸಿಯೇ ಮೇಲು. ಫ್ಲೋಟರ್‌ನ ಪ್ರೀಮಿಯಂ ಸಾಮಾನ್ಯವಾಗಿ ಅದರಲ್ಲಿರುವ ಅತಿ ಹಿರಿಯರ ವಯಸ್ಸಿನ ಮೇಲೆ ನಿಗದಿಯಾಗುತ್ತದೆ. ಇಡೀ ಕುಟುಂಬ ಹಂಚಿಕೊಳ್ಳುವ ವಿಮಾ ಮೊತ್ತ ತಂದೆಯ ಒಂದೇ ಆಪರೇಷನ್‌ಗೆ ಕರಗಿದರೆ ಆ ವರ್ಷ ನಿಮ್ಮ ಮಕ್ಕಳಿಗೆ ರಕ್ಷಣೆಯೇ ಉಳಿಯದಿರಬಹುದು.

ಅಗ್ಗದ ಪ್ರೀಮಿಯಂ ನೋಡಿ ಆತುರಪಡಬೇಡಿ. ಮೊದಲು ಕೊಠಡಿ ಬಾಡಿಗೆಯ ಮಿತಿ ಓದಿ. ದಿನಕ್ಕೆ 3,000 ರೂಪಾಯಿ ಮಿತಿಯಿದ್ದು ನೀವು 6,000ದ ಕೊಠಡಿ ಹಿಡಿದಿರಿ ಎನ್ನಿ. ಬಾಡಿಗೆಯ ವ್ಯತ್ಯಾಸವಷ್ಟೇ ನಿಮ್ಮ ಪಾಲಿಗೆ ಬರುವುದಿಲ್ಲ. ವೈದ್ಯರ ಶುಲ್ಕ, ಆಪರೇಷನ್ ಥಿಯೇಟರ್ ಖರ್ಚನ್ನೂ ಕಂಪನಿ ಅರ್ಧಕ್ಕೆ ಇಳಿಸಬಹುದು. ಅದರ ಮೇಲೆ ಶೇ 20ರ ಕೋ-ಪೇ (ಬಿಲ್‌ನಲ್ಲಿ ನೀವೇ ಭರಿಸಬೇಕಾದ ಪಾಲು) ಇದ್ದರೆ, ಡಿಸ್ಚಾರ್ಜ್ ದಿನ ಬಿಲ್ ಕೌಂಟರಿನಲ್ಲಿ ಕೈಸಾಲಕ್ಕೆ ಫೋನ್ ಮಾಡುತ್ತ ನಿಲ್ಲಬೇಕಾದೀತು.

ಬಿಪಿ, ಶುಗರ್ ಇದ್ದರೆ ದಯವಿಟ್ಟು ಮುಚ್ಚಿಡಬೇಡಿ. ಹೇಳಿಕೊಂಡರೂ, 2024ರ ನಿಯಮದಂತೆ ಹಳೆಯ ಕಾಯಿಲೆಗೆ ರಕ್ಷಣೆ ಸಿಗಲು ಕಾಯುವ ಅವಧಿ ಮೂರು ವರ್ಷ ಮೀರುವಂತಿಲ್ಲ.

ತಂದೆಗೆ ಇನ್ನೊಂದು ದಾರಿಯಿದೆ. 70 ತುಂಬಿದವರಿಗೆ ಆದಾಯದ ಮಿತಿಯಿಲ್ಲದೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ರಕ್ಷಣೆ ಕೊಡುವ ಆಯುಷ್ಮಾನ್ ವಯ ವಂದನಾ ಕಾರ್ಡ್. ಖಾಸಗಿ ಪಾಲಿಸಿ ಇದ್ದರೂ ಅಡ್ಡಿಯಿಲ್ಲ, ಕಾಯುವ ಅವಧಿಯೂ ಇಲ್ಲ. ನಿಮ್ಮೂರಿನ ಯಾವ ಆಸ್ಪತ್ರೆ ಅದನ್ನು ಸ್ವೀಕರಿಸುತ್ತದೆ ಎಂದು ಈಗಲೇ ವಿಚಾರಿಸಿಡಿ. ತಾಯಿಗೆ ಇನ್ನೂ ಆ ವಯಸ್ಸಾಗಿಲ್ಲ. ಹಣದ ಮುಗ್ಗಟ್ಟಿದ್ದರೆ ಖಾಸಗಿ ಪಾಲಿಸಿಯನ್ನು ಮೊದಲು ಅವರಿಗೆ ಮಾಡಿಸಿ.