ಕಂಚಿಯ ಕಂಬದ ಮೇಲೆ ಕನ್ನಡದ ಅಕ್ಷರ

ಬಾದಾಮಿಯ ಚಾಲುಕ್ಯರಿಗೂ ಕಂಚಿಯ ಪಲ್ಲವರಿಗೂ ಇದ್ದ ಸಂಬಂಧವೆಂದೊಡನೆ ಯುದ್ಧಗಳ ಸರಣಿಯೇ ನೆನಪಿಗೆ ಬರುತ್ತದೆ. ಶಾಲೆಯ ಪಠ್ಯಪುಸ್ತಕಗಳೂ ಬಹುಮಟ್ಟಿಗೆ ಅಷ್ಟನ್ನೇ ಹೇಳಿ ಮುಗಿಸುತ್ತವೆ. ಆದರೆ ಈ ಎರಡು ರಾಜಧಾನಿಗಳಲ್ಲಿಯೂ ಎದುರಾಳಿ ಬರೆಸಿದ ಶಾಸನವೊಂದು ಇಂದಿಗೂ ಉಳಿದಿದೆ. ಎರಡನ್ನೂ ಜೊತೆಗಿಟ್ಟು ನೋಡುವುದಕ್ಕೆ ವಸ್ತುಸಂಗ್ರಹಾಲಯದ ಗಾಜಿನ ಪೆಟ್ಟಿಗೆ ಬೇಕಾಗಿಲ್ಲ. ಅವು ತಮ್ಮ ಮೂಲಸ್ಥಾನಗಳಲ್ಲಿಯೇ ಇವೆ.

ಮೊದಲನೆಯದು ಬಾದಾಮಿಯ ಬಂಡೆಯ ಮೇಲಿನದು. ಸುಮಾರು ಕ್ರಿ.ಶ. 642ರಲ್ಲಿ ಇಮ್ಮಡಿ ಪುಲಕೇಶಿಯನ್ನು ಸೋಲಿಸಿ ವಾತಾಪಿಯನ್ನು ಹಿಡಿದ ಪಲ್ಲವ ಒಂದನೆಯ ನರಸಿಂಹವರ್ಮನು ತನ್ನ ವಿಜಯದ ನೆನಪನ್ನು ಅಲ್ಲಿ ಕೆತ್ತಿಸಿದನು. ‘ವಾತಾಪಿಕೊಂಡ’ನೆಂಬ ಬಿರುದನ್ನೂ ಧರಿಸಿದನು. ಆ ಬರಹವೀಗ ಸಾಕಷ್ಟು ಸವೆದುಹೋಗಿದೆ. ಹದಿಮೂರು ವರ್ಷಗಳ ಅನಂತರ ಪುಲಕೇಶಿಯ ಮಗ ಒಂದನೆಯ ವಿಕ್ರಮಾದಿತ್ಯನು ರಾಜ್ಯವನ್ನು ಮರಳಿ ಪಡೆದನು.

ಸೇಡು ತೀರಿಸಿಕೊಳ್ಳುವ ಪೂರ್ಣ ಅವಕಾಶ ಒದಗಿದ್ದು ಇಮ್ಮಡಿ ವಿಕ್ರಮಾದಿತ್ಯನಿಗೆ. ಸುಮಾರು 733ರಿಂದ 744ರವರೆಗೆ ಆಳಿದ ಈತನು ಪಲ್ಲವ ನಂದಿವರ್ಮನನ್ನು ಸೋಲಿಸಿ ಕಂಚಿಯನ್ನು ಪ್ರವೇಶಿಸಿದನು. ಈತನ ಮಗ ಕೀರ್ತಿವರ್ಮನ ಕೆಂದೂರು ತಾಮ್ರಪಟ ಆ ಪ್ರಸಂಗವನ್ನು ವಿವರವಾಗಿ ತಿಳಿಸುತ್ತದೆ. ಕಟುಮುಖವಾದಿತ್ರ, ಸಮುದ್ರಘೋಷಗಳೆಂಬ ರಣವಾದ್ಯಗಳು, ಖಟ್ವಾಂಗಧ್ವಜ, ಆನೆಗಳು, ಮಾಣಿಕ್ಯರಾಶಿ, ಇವೆಲ್ಲ ವಿಜೇತನ ಕೈಸೇರಿದವು. ನಗರವನ್ನು ಮಾತ್ರ ಆತ ಹಾಳುಗೆಡವಲಿಲ್ಲ.

ಅಲ್ಲಿನ ರಾಜಸಿಂಹೇಶ್ವರ, ಎಂದರೆ ಇಂದಿನ ಕೈಲಾಸನಾಥ ದೇವಾಲಯವನ್ನು ಕಟ್ಟಿಸಿದವನು ಪಲ್ಲವ ಇಮ್ಮಡಿ ನರಸಿಂಹವರ್ಮ. ಅದರ ಸಂಪತ್ತನ್ನು ಕಣ್ಣಾರೆ ಕಂಡ ವಿಕ್ರಮಾದಿತ್ಯನು ಅದನ್ನು ದೇವರಿಗೇ ಮರಳಿ ಒಪ್ಪಿಸಿದನೆಂದು ಗರ್ಭಗುಡಿಯ ಮುಂದಣ ಮಂಟಪದ ಕಂಬವೊಂದು ಸಾರುತ್ತದೆ. ಆ ಶಾಸನ ಇರುವುದು ಅಚ್ಚ ಕನ್ನಡದ ಲಿಪಿಯಲ್ಲಿ, ಕನ್ನಡ ಭಾಷೆಯಲ್ಲಿ! ಕಂಚಿಯ ಜನರಿಗಾಗಿ ಬರೆಸಿದ್ದಾದರೆ ಕನ್ನಡವೇಕೆ? ಮುಂದೆ ಅದೇ ದಾರಿಯಲ್ಲಿ ಬರಬಹುದಾದ ಸ್ವಂತ ಸೈನಿಕರಿಗೂ ಅಧಿಕಾರಿಗಳಿಗೂ ಅದೊಂದು ಆಜ್ಞೆಯಾಗಿದ್ದಿರಬಹುದೆಂದು ಊಹಿಸಲು ಅಡ್ಡಿಯಿಲ್ಲ. ಶಾಸನದ ಕೊನೆಯ ಶಾಪವೂ ಗಮನಾರ್ಹ. ಈ ಅಕ್ಷರಗಳನ್ನೂ ಈ ಧರ್ಮವನ್ನೂ ಕೆಡಿಸಿದವನಿಗೆ ಕಂಚಿಯ ಘಟಿಕೆಯ ಮಹಾಜನರನ್ನು ಕೊಂದವರ ಗತಿಯೇ ಪ್ರಾಪ್ತವಾಗುವುದೆಂದು ಅದು ಎಚ್ಚರಿಸುತ್ತದೆ. ಘಟಿಕೆಯೆಂದರೆ ಉನ್ನತ ವಿದ್ಯಾಸ್ಥಾನ. ಕದಂಬರ ಮಯೂರಶರ್ಮನು ವಿದ್ಯೆಯನ್ನರಸಿ ಹೋದದ್ದೂ ಅಲ್ಲಿಗೇ. ಶತ್ರುವಿನ ಊರಿನ ವಿದ್ವಾಂಸರ ಪ್ರಾಣವನ್ನು ಇಷ್ಟು ಎತ್ತರದಲ್ಲಿಟ್ಟು ಮಾತನಾಡುವ ವಿಜಯಶಾಸನಗಳು ವಿರಳವೇ ಸರಿ.

ಈ ವಿಜಯದ ಸ್ಮರಣೆಗಾಗಿಯೇ ರಾಣಿ ಲೋಕಮಹಾದೇವಿಯು ಪಟ್ಟದಕಲ್ಲಿನಲ್ಲಿ ಲೋಕೇಶ್ವರ ದೇಗುಲವನ್ನು ಕಟ್ಟಿಸಿದಳು. ಅದೇ ಇಂದಿನ ವಿರೂಪಾಕ್ಷ. ಅರಸನು ಕಂಚಿಯನ್ನು ಮೂರು ಸಲ ಗೆದ್ದನೆಂದು ಅಲ್ಲಿನ ಶಾಸನ ಹೇಳುತ್ತದೆ; ಶಿಲ್ಪಿ ಗುಂಡ ಅನಿವಾರಿತಾಚಾರಿಗೆ ‘ತ್ರಿಭುವನಾಚಾರಿ’ ಎಂಬ ಬಿರುದು ಸಂದಿತು. ‘ತೆಂಕಣ ದಿಸೆಯ ಸೂತ್ರಧಾರಿ’ಯೆನಿಸಿದ ಸರ್ವಸಿದ್ಧಿ ಆಚಾರಿಯ ಹೆಸರೂ ಅಲ್ಲಿದೆ. ಇದರಿಂದ ಕಂಚಿಯ ಶಿಲ್ಪಿಗಳನ್ನೇ ಕರೆತಂದು ಕೈಲಾಸನಾಥದ ಪ್ರತಿರೂಪವನ್ನು ಕಟ್ಟಿಸಿದರೆಂಬ ಮಾತು ಪ್ರಚಾರದಲ್ಲಿದೆ. ಸಾಮ್ಯವೇನೋ ಸ್ಪಷ್ಟ. ಆದರೂ ಇದನ್ನು ಪೂರ್ತಿಯಾಗಿ ಒಪ್ಪಲಾಗದು. ದ್ರಾವಿಡ ಶೈಲಿಯ ಮಾಲೆಗಿತ್ತಿ ಶಿವಾಲಯವು ಬಾದಾಮಿಯಲ್ಲಿ ಏಳನೆಯ ಶತಮಾನದಲ್ಲಿಯೇ ಎದ್ದಿತ್ತು. ಪಟ್ಟದಕಲ್ಲಿನಲ್ಲಿ ವಿಜಯಾದಿತ್ಯನು ಕಟ್ಟಿಸಿದ ಸಂಗಮೇಶ್ವರವೂ ವಿರೂಪಾಕ್ಷಕ್ಕಿಂತ ಹಿಂದಿನದು. ಕೊಡುವುದಕ್ಕೂ ಕೊಳ್ಳುವುದಕ್ಕೂ ಇಬ್ಬರಲ್ಲಿಯೂ ಸಂಪತ್ತಿತ್ತು.

ಮದರಾಸಿನಿಂದ, ಅಂದರೆ ಇಂದಿನ ಚೆನ್ನೈಯಿಂದ, ಕಂಚಿಗೆ ಸುಮಾರು 75 ಕಿಲೋಮೀಟರು. ಕೈಲಾಸನಾಥಕ್ಕೆ ಹೋದವರು ಪ್ರಾಕಾರದ ಸುತ್ತಣ ಕಿರುಗುಡಿಗಳನ್ನೂ ಅವುಗಳಲ್ಲಿ ಉಳಿದಿರುವ ಬಣ್ಣದ ಚಿತ್ರಗಳನ್ನೂ ನೋಡಿದ ಮೇಲೆ, ಮಂಟಪದ ಕಂಬಗಳ ಬಳಿಯೂ ಒಂದು ಕ್ಷಣ ನಿಲ್ಲಬಹುದು.