ಕುವೈತ್ ನಗರದಲ್ಲಿ ನೋಡೋದಕ್ಕೆ ಏನಿದೆ?

ನಮ್ಮ ಸಂಘದಲ್ಲಿ ಕುವೈತಿನಲ್ಲಿ ಓದಿ ಬೆಳೆದವರು ಕೆಲವರಿದ್ದೇವೆ. ಅಪ್ಪ-ಅಮ್ಮ ಇನ್ನೂ ಅಲ್ಲೇ ಕೆಲಸದಲ್ಲಿರುವವರೂ ಇದ್ದೇವೆ. ರಜೆಗೆ ಹೊರಟಾಗಲೆಲ್ಲ ಉಳಿದ ಗೆಳೆಯರು ಕೇಳುವ ಪ್ರಶ್ನೆ ಒಂದೇ: "ಮರಳು, ಮಾಲು ಬಿಟ್ರೆ ಅಲ್ಲಿ ನೋಡೋದಕ್ಕೆ ಏನಿದೆ ಮಾರಾಯ್ರೇ?" ನಮ್ಮ ಮನೆಗಳಲ್ಲೂ ಅದು ದುಡಿಯೋ ಊರು, ನೋಡೋ ಊರೆಂದರೆ ಬೇರೆ. ಇಪ್ಪತ್ತು ವರ್ಷ ಇದ್ದು ವಾಪಸು ಹೋದವರಲ್ಲೂ ಕುವೈತ್ ಟವರ್ ಮೇಲೆ ಹತ್ತದವರು ಬೇಕಾದಷ್ಟು ಜನ ಸಿಗುತ್ತಾರೆ. ಹಾಗಾಗಿ ಈ ಸಲದ ಇ-ಪುಸ್ತಕಕ್ಕೆ ಆ ಪ್ರಶ್ನೆಗೇ ಉತ್ತರ ಬರೆಯೋಣ ಅಂದುಕೊಂಡೆವು.

ಹಂಪಿ, ವಿಜಯಪುರ ನೋಡಿದ ಕಣ್ಣಿಗೆ ಕುವೈತ್ ಹಳೆಯ ರಾಜಧಾನಿ ಅನ್ನಿಸುವುದಿಲ್ಲ. ಆದರೆ ಅಲ್-ಸಬಾ ಮನೆತನದ ಆಳ್ವಿಕೆ ಅಲ್ಲಿ 18ನೇ ಶತಮಾನದಿಂದ ನಡೆದುಬಂದಿದೆ. 'ಕುವೈತ್' ಎಂಬ ಹೆಸರಿಗೆ ಪುಟ್ಟ ಕೋಟೆ ಎಂದರ್ಥ. 1938ರಲ್ಲಿ ಬುರ್ಗಾನ್‌ನಲ್ಲಿ ತೈಲ ಸಿಕ್ಕಿತು, 1946ರಲ್ಲಿ ಮೊದಲ ಹಡಗು ತೈಲ ಹೊತ್ತು ಹೊರಟಿತು. ಆ ಹಣ ಬಂದ ಮೇಲೆ 1950ರ ದಶಕದಿಂದ ಮಣ್ಣಿನ ಮನೆಗಳ ಹಳೇ ಊರನ್ನು ಕೆಡವಿ ಹೊಸ ಊರು ಕಟ್ಟಿದರು. ಆದ್ದರಿಂದ ಅಲ್ಲಿ ಇತಿಹಾಸ ಒಂದೇ ಕಡೆ ಸಿಗುವುದಿಲ್ಲ, ಚೂರುಚೂರಾಗಿ ಹರಡಿದೆ. ಎಲ್ಲಿ ಏನು ಅಂತ ಗೊತ್ತಿದ್ದರೆ ಎರಡು ದಿನ ಸಾಕು.

ಗೋಡೆ ಹೋಯಿತು, ಬಾಗಿಲು ಉಳಿಯಿತು

1920ರಲ್ಲಿ ಮರುಭೂಮಿಯ ಕಡೆಯಿಂದ ದಾಳಿಯ ಭಯವಿದ್ದಾಗ ಊರಿನವರೆಲ್ಲ ಕೈಜೋಡಿಸಿ ಕೆಲವೇ ತಿಂಗಳಲ್ಲಿ ಊರಿನ ಸುತ್ತ ಮಣ್ಣಿನ ಗೋಡೆ ಎಬ್ಬಿಸಿದರು. ಒಂದು ಕಡೆ ಸಮುದ್ರ, ಮೂರು ಕಡೆ ಗೋಡೆ. ಊರು ಬೆಳೆದಂತೆ ಅದು ಅಡ್ಡವಾಯಿತು, 1957ರಲ್ಲಿ ಕೆಡವಿದರು. ಬಾಗಿಲುಗಳನ್ನು ಮಾತ್ರ ಉಳಿಸಿಕೊಂಡರು. ಜಹ್ರಾ ಗೇಟು ಇವತ್ತು ವಾಹನಗಳು ಸುತ್ತುವ ವೃತ್ತದ ನಡುವೆ ನಿಂತಿದೆ. ಗೋಡೆ ಇದ್ದ ಜಾಗದಲ್ಲಿ ಉದ್ದಕ್ಕೂ ಹಸಿರು ಪಟ್ಟಿ ಇದೆ, ಪಕ್ಕದ ರಸ್ತೆಗೆ ಸೂರ್ ಸ್ಟ್ರೀಟ್ ಎಂದೇ ಹೆಸರು. ಸೂರ್ ಅಂದರೆ ಗೋಡೆ. ದಿನವೂ ಆ ದಾರಿಯಲ್ಲಿ ಬಸ್ಸಿನಲ್ಲಿ ಓಡಾಡುವ ನಮ್ಮವರಿಗೆ ತಾವು ಕೋಟೆಯ ಗಡಿ ದಾಟುತ್ತಿದ್ದೇವೆ ಅನ್ನೋದೇ ತಿಳಿದಿರುವುದಿಲ್ಲ.

ನೀರಿಗಾಗಿ ಕಟ್ಟಿದ ಗೋಪುರ

ಎಲ್ಲ ಪೋಸ್ಟ್‌ಕಾರ್ಡುಗಳಲ್ಲೂ ಇರುವ ಕುವೈತ್ ಟವರ್ಸ್ ಮೂಲತಃ ನೀರಿನ ಟ್ಯಾಂಕು! ಆ ಊರಲ್ಲಿ ನದಿಯಿಲ್ಲ, ಕೆರೆಯಿಲ್ಲ. ಹಿಂದೆ ಕುಡಿಯುವ ನೀರನ್ನು ಇರಾಕಿನ ಶತ್ ಅಲ್-ಅರಬ್ ನದಿಯಿಂದ ಹಾಯಿಹಡಗುಗಳಲ್ಲಿ ತುಂಬಿ ತರುತ್ತಿದ್ದರು. 1950ರ ದಶಕದಲ್ಲಿ ಸಮುದ್ರದ ನೀರಿನಿಂದ ಉಪ್ಪು ತೆಗೆಯುವ ಘಟಕ ಬಂತು. ಆ ನೀರನ್ನು ಎತ್ತರದಲ್ಲಿ ಕೂಡಿಡಲು ಸ್ವೀಡನ್ನಿನ ಕಂಪನಿಯೊಂದು ಊರ ತುಂಬ ಅಣಬೆಯಾಕಾರದ ಟ್ಯಾಂಕುಗಳನ್ನು ಕಟ್ಟಿತು. ನೀಲಿ-ಬಿಳಿ ಪಟ್ಟೆಯ ಆ ಅಣಬೆಗಳನ್ನು ಈಗಲೂ ಕಾಣಬಹುದು. ಕಡಲ ದಂಡೆಯ ಜಾಗಕ್ಕೆ ಮಾತ್ರ ವಿಶೇಷವಾದದ್ದು ಬೇಕೆಂದಾಗ ಡೆನ್ಮಾರ್ಕ್ ಮೂಲದ ಮಾಲೆನ್ ಬ್ಯೋರ್ನ್ ಎಂಬ ವಾಸ್ತುಶಿಲ್ಪಿ ಈ ಮೂರು ಗೋಪುರಗಳ ವಿನ್ಯಾಸ ಮಾಡಿದರು. ದೊಡ್ಡದರ ಎತ್ತರ 187 ಮೀಟರ್, ಎರಡನೆಯದು 147 ಮೀಟರ್. ಮೂರನೆಯದರಲ್ಲಿ ನೀರಿಲ್ಲ, ಉಳಿದೆರಡರ ಮೇಲೆ ಬೆಳಕು ಚೆಲ್ಲುವುದೇ ಅದರ ಕೆಲಸ. 1979ರಲ್ಲಿ ಸಾರ್ವಜನಿಕರಿಗೆ ತೆರೆದರು. ದೊಡ್ಡ ಗೋಪುರದ ಮೇಲಿನ ಗೋಳ ನಿಧಾನಕ್ಕೆ ತಿರುಗುತ್ತದೆ. ಸಂಜೆ ಸೂರ್ಯ ಮುಳುಗುವುದಕ್ಕೆ ಸ್ವಲ್ಪ ಮುಂಚೆ ಹೋದರೆ ಹಗಲಿನ ಊರು, ರಾತ್ರಿಯ ಊರು ಎರಡೂ ಒಂದೇ ಟಿಕೆಟ್ಟಿನಲ್ಲಿ ಸಿಗುತ್ತವೆ.

ಸೂಕ್ ಮುಬಾರಕಿಯಾ

ಸೂಕ್ ಅಂದರೆ ಸಂತೆ. 1896ರಿಂದ 1915ರವರೆಗೆ ಆಳಿದ ಶೇಖ್ ಮುಬಾರಕ್ ಹೆಸರಿನ ಈ ಪೇಟೆ ಹಳೇ ಊರಿನಲ್ಲಿ ಉಳಿದ ಭಾಗಗಳಲ್ಲಿ ದೊಡ್ಡದು. ಖರ್ಜೂರ, ತುಪ್ಪ, ಮಸಾಲೆ, ಅತ್ತರು, ಚಿನ್ನ, ಜಮಖಾನ, ಒಂದೊಂದಕ್ಕೂ ಒಂದೊಂದು ಸಾಲು. ನಮ್ಮ ಮೈಸೂರಿನ ದೇವರಾಜ ಮಾರುಕಟ್ಟೆಯಲ್ಲಿ ಓಡಾಡಿದವರಿಗೆ ಹೊಸದೇನೂ ಅನ್ನಿಸುವುದಿಲ್ಲ, ವಾಸನೆ ಮಾತ್ರ ಬೇರೆ. 2022ರಲ್ಲಿ ಬೆಂಕಿ ಬಿದ್ದು ಒಂದಷ್ಟು ಭಾಗ ಸುಟ್ಟುಹೋಯಿತು. ಮೀನಿನ ಸಾಲಿನಲ್ಲಿ 'ಝುಬೈದಿ' ಕೇಳಿ ನೋಡಿ. ಕುವೈತಿಗಳು ಪ್ರಾಣ ಬಿಡುವ ಆ ಮೀನು ನಮ್ಮ ಕರಾವಳಿಯವರ ಮಾಂಜಿಯೇ! ಅಂಗಡಿಯವನು ದಾರಿ ತೋರಿಸುತ್ತಾ 'ಸೀದಾ, ಸೀದಾ' ಅಂದರೆ ಗಾಬರಿಯಾಗಬೇಡಿ, ಅವನು ಕನ್ನಡ ಕಲಿತಿಲ್ಲ. ಹಿಂದೂಸ್ತಾನಿಯಿಂದ ಆ ಪದ ಅವರಿಗೂ ಬಂದಿದೆ, ನಮಗೂ ಬಂದಿದೆ.

ಪದಗಳಷ್ಟೇ ಅಲ್ಲ, ದುಡ್ಡೂ ನಮ್ಮದೇ ಇತ್ತು. 1961ರವರೆಗೆ ಕುವೈತಿನಲ್ಲಿ ಚಲಾವಣೆಯಲ್ಲಿದ್ದದ್ದು ರೂಪಾಯಿ. 1959ರಲ್ಲಿ ನಮ್ಮ ರಿಸರ್ವ್ ಬ್ಯಾಂಕು ಕೊಲ್ಲಿ ದೇಶಗಳಿಗಾಗಿಯೇ ಬೇರೆ ಬಣ್ಣದ 'ಗಲ್ಫ್ ರೂಪಾಯಿ' ನೋಟು ತಂದಿತು. 1961ರಲ್ಲಿ ದಿನಾರ್ ಬಂದಾಗ ಒಂದು ದಿನಾರಿಗೆ ಹದಿಮೂರು ರೂಪಾಯಿ ಚಿಲ್ಲರೆ ಕೊಟ್ಟು ಬದಲಾಯಿಸಿಕೊಂಡರು. ಇವತ್ತು ಮನೆಗೆ ದುಡ್ಡು ಕಳಿಸುವ ಎಕ್ಸ್‌ಚೇಂಜಿನ ಮುಂದೆ ನಿಂತು ದರ ನೋಡುವವರಿಗೆ ಇದು ಕಥೆಯಂತೆ ಕೇಳಬಹುದು.

ಕಡಲ ದಂಡೆಯ ರಸ್ತೆ

ಅರೇಬಿಯನ್ ಗಲ್ಫ್ ಸ್ಟ್ರೀಟ್ ಹಿಡಿದು ನಡೆದರೆ ಮುಖ್ಯವಾದವು ಒಂದರ ಹಿಂದೆ ಒಂದು ಬರುತ್ತವೆ. ಸೈಫ್ ಅರಮನೆಯನ್ನು ಹೊರಗಿನಿಂದಷ್ಟೇ ನೋಡಬಹುದು. ಅದರ ಹಳೆಯ ದ್ವಾರದ ಮೇಲೆ ಅರಬ್ಬಿಯಲ್ಲಿ ಒಂದು ಮಾತು ಕೆತ್ತಿದೆ. ಅಧಿಕಾರ ಬೇರೆಯವರ ಬಳಿ ಶಾಶ್ವತವಾಗಿ ಉಳಿದಿದ್ದರೆ ನಿನ್ನ ತನಕ ಬರುತ್ತಿರಲಿಲ್ಲ ಎಂಬುದು ಅದರ ತಾತ್ಪರ್ಯ. ಎದುರಿನ ಗ್ರ್ಯಾಂಡ್ ಮಸೀದಿ 1986ರಲ್ಲಿ ಪೂರ್ತಿಯಾಯಿತು. ಅದರ ಗುಮ್ಮಟದ ಅಡ್ಡಳತೆ 26 ಮೀಟರ್. ಪ್ರಾರ್ಥನೆ ಇಲ್ಲದ ಹೊತ್ತಿನಲ್ಲಿ ಬೇರೆ ಧರ್ಮದವರನ್ನೂ ಕರೆದುಕೊಂಡು ಹೋಗಿ ತೋರಿಸಿ ವಿವರಿಸುತ್ತಾರೆ.

ಮುಂದೆ ಸಂಸತ್ ಭವನ. ಸಿಡ್ನಿಯ ಒಪೆರಾ ಹೌಸ್ ರೂಪಿಸಿದ ಯೋರ್ನ್ ಉಟ್ಜನ್ ಅವರೇ ಇದನ್ನೂ ರೂಪಿಸಿದ್ದು. ಕಾಂಕ್ರೀಟಿನ ಚಾವಣಿ ಜೋತುಬಿದ್ದ ಡೇರೆಯ ಬಟ್ಟೆಯಂತೆ ಕಾಣುತ್ತದೆ. ಹತ್ತಿರದ ಸದು ಹೌಸ್‌ನಲ್ಲಿ ಮರುಭೂಮಿಯ ಹೆಂಗಸರು ಉಣ್ಣೆಯಲ್ಲಿ ನೇಯುವ ಡೇರೆ, ಕಂಬಳಿಗಳಿವೆ. 2020ರಲ್ಲಿ ಯುನೆಸ್ಕೊ ಈ ನೇಯ್ಗೆಯನ್ನು ತನ್ನ ಪಟ್ಟಿಗೆ ಸೇರಿಸಿತು. ಮೊದಲು ಸದು ಹೌಸ್ ನೋಡಿ, ಆಮೇಲೆ ಸಂಸತ್ ಭವನ ನೋಡಿ. ಉಟ್ಜನ್ ಏನು ಮಾಡಿದ್ದಾರೆ ಅಂತ ಆಗ ಅರ್ಥವಾಗುತ್ತದೆ.

ಪಕ್ಕದಲ್ಲೇ ನ್ಯಾಷನಲ್ ಮ್ಯೂಸಿಯಂ. ಇಲ್ಲಿದ್ದ ಅಲ್-ಸಬಾ ಸಂಗ್ರಹದಲ್ಲಿ ಮೊಘಲರ ಕಾಲದ ಭಾರತದ ರತ್ನಾಭರಣಗಳೂ ಸೇರಿವೆ. 2001ರಲ್ಲಿ ಲಂಡನ್ನಿನ ಬ್ರಿಟಿಷ್ ಮ್ಯೂಸಿಯಂನಲ್ಲಿ ಅವುಗಳ ಪ್ರದರ್ಶನ ನಡೆಯಿತು. 1990ರ ಆಕ್ರಮಣದಲ್ಲಿ ಇರಾಕಿ ಸೈನ್ಯ ಸಂಗ್ರಹವನ್ನು ಬಾಗ್ದಾದಿಗೆ ಸಾಗಿಸಿತು, ಕಟ್ಟಡಕ್ಕೂ ಬೆಂಕಿ ಬಿತ್ತು. ಯುದ್ಧ ಮುಗಿದ ಮೇಲೆ ವಿಶ್ವಸಂಸ್ಥೆಯ ಮೂಲಕ ಬಹುಪಾಲು ವಸ್ತುಗಳು ವಾಪಸು ಬಂದವು.

ನಮ್ಮವರ 1990

1990ರ ಆಗಸ್ಟ್ 2ರಿಂದ 1991ರ ಫೆಬ್ರವರಿ 26ರವರೆಗೆ ಕುವೈತ್ ಇರಾಕಿನ ಕೈಯಲ್ಲಿತ್ತು. ಆಗ ಅಲ್ಲಿದ್ದ ಭಾರತೀಯರಲ್ಲಿ ಸುಮಾರು 1,70,000 ಜನರನ್ನು ಹೆಚ್ಚಾಗಿ ಜೋರ್ಡಾನಿನ ಅಮ್ಮಾನ್ ಮೂಲಕ ವಿಮಾನಗಳಲ್ಲಿ ಕರೆತಂದರು. ಮಂಗಳೂರು, ಉಡುಪಿ ಕಡೆಯ ಎಷ್ಟೋ ಮನೆಗಳಲ್ಲಿ ಈ ಕಥೆ ಇದೆ: ಬ್ಯಾಂಕಿನ ಹಣ, ಮನೆಯ ಸಾಮಾನು ಎಲ್ಲ ಬಿಟ್ಟು, ಒಂದು ಚೀಲದೊಂದಿಗೆ ಬಸ್ಸು ಹತ್ತಿದ್ದು. ಹಲವರು ಯುದ್ಧ ಮುಗಿದ ಮೇಲೆ ಅದೇ ಊರಿಗೆ ವಾಪಸು ಹೋಗಿ ಮೊದಲಿನಿಂದ ಶುರುಮಾಡಿದರು.

ಈ ಕಥೆಗೆ ಕುವೈತಿನಲ್ಲಿ ಗೋಪುರವಿಲ್ಲ, ಟಿಕೆಟ್ ಕೌಂಟರಿಲ್ಲ. ಅದು ಇರುವುದು ಆಗ ಅಲ್ಲಿದ್ದ ನಮ್ಮ ದೊಡ್ಡಪ್ಪ, ಅತ್ತೆ, ಮಾವಂದಿರ ನೆನಪಿನಲ್ಲಿ. ಅವರೆಲ್ಲ ಈಗ ನಿವೃತ್ತರಾಗಿ ಒಬ್ಬೊಬ್ಬರೇ ಊರಿಗೆ ಮರಳಿದ್ದಾರೆ. ಕೆಲಸ ಮುಗಿದರೆ ವೀಸಾ ಮುಗಿಯಿತು, ಅಲ್ಲಿನ ನಿಯಮವೇ ಹಾಗೆ. ಹಳೇ ಊರಿನ ಬಾಗಿಲುಗಳನ್ನಾದರೂ ಅವರ ಸರಕಾರ ಉಳಿಸಿಕೊಂಡಿತು. ನಮ್ಮವರ ಕುವೈತನ್ನು ಉಳಿಸಿಕೊಳ್ಳೋ ಕೆಲಸ ನಾವೇ ಮಾಡಬೇಕು.

ಹೋಗುವವರಿಗೆ ನಾಲ್ಕು ಮಾತು

ನವೆಂಬರಿನಿಂದ ಮಾರ್ಚ್‌ವರೆಗೆ ಹೋಗಿ. ಜುಲೈ, ಆಗಸ್ಟಿನಲ್ಲಿ ಹಗಲು ಹೊರಗೆ ನಡೆಯಲು ಆಗುವುದೇ ಇಲ್ಲ. ಫೆಬ್ರವರಿ 25, 26ಕ್ಕೆ ರಾಷ್ಟ್ರೀಯ ದಿನ, ವಿಮೋಚನಾ ದಿನ. ಊರೆಲ್ಲ ದೀಪ, ರಸ್ತೆಯೆಲ್ಲ ಟ್ರಾಫಿಕ್ಕು. ಶುಕ್ರವಾರ ಬೆಳಿಗ್ಗೆ ಬಹಳ ಕಡೆ ಬಾಗಿಲು ಹಾಕಿರುತ್ತದೆ. ಅರಮನೆ, ಸರಕಾರಿ ಕಟ್ಟಡ, ಪೊಲೀಸರ ಫೋಟೊ ತೆಗೆಯಬೇಡಿ. ಜನರ ಫೋಟೊಗೆ ಮೊದಲು ಕೇಳಿ. ರಂಜಾನ್ ತಿಂಗಳಲ್ಲಿ ಹಗಲು ಹೊರಗಡೆ ತಿನ್ನುವುದು, ಕುಡಿಯುವುದು ಬೇಡ.

ಮೊದಲ ದಿನ ಬೆಳಿಗ್ಗೆ ಸದು ಹೌಸ್, ಮ್ಯೂಸಿಯಂ, ಮಸೀದಿ, ಮಧ್ಯಾಹ್ನ ಮುಬಾರಕಿಯಾದಲ್ಲಿ ಊಟ, ಸಂಜೆ ಟವರ್ಸ್. ಎರಡನೇ ದಿನ ಹಳೇ ಬಾಗಿಲುಗಳು, ಆಮೇಲೆ ಸಾಲ್ಮಿಯಾದ ಸೈಂಟಿಫಿಕ್ ಸೆಂಟರ್. ಅಲ್ಲಿ ತೈಲಕ್ಕಿಂತ ಹಿಂದಿನ ಕಾಲದ 'ಫತ್ಹ್ ಅಲ್-ಖೈರ್' ಎಂಬ ಮರದ ಹಾಯಿಹಡಗನ್ನು ಇಟ್ಟಿದ್ದಾರೆ. ಇಂಥ ಹಡಗುಗಳೇ ಖರ್ಜೂರ ತುಂಬಿಕೊಂಡು ನಮ್ಮ ಪಶ್ಚಿಮ ಕರಾವಳಿಗೆ ಬಂದು ಮಲಬಾರಿನ ತೇಗ ಹೊತ್ತು ಹೋಗುತ್ತಿದ್ದವು.

ಅಲ್ಲಿ ನಿಮ್ಮವರು ಯಾರಾದರೂ ಇದ್ದರೆ ಅವರನ್ನೂ ಕರೆದುಕೊಂಡು ಹೋಗಿ. "ನಾನು ನೋಡಿದ್ದೇನೆ, ನೀನು ಹೋಗಿ ಬಾ" ಅಂದರೂ ಬಿಡಬೇಡಿ, ಬಹಳ ಸಲ ಅವರೂ ನೋಡಿರುವುದಿಲ್ಲ! ದಾರಿಯಲ್ಲಿ ಅವರ ಮೊದಲ ಕೋಣೆ ಎಲ್ಲಿತ್ತು, ಮೊದಲ ಸಂಬಳ ಎಷ್ಟಿತ್ತು, 1990ರಲ್ಲಿ ಯಾರು ಎಲ್ಲಿದ್ದರು ಅಂತ ಕೇಳಿ, ಫೋನಿನಲ್ಲಿ ರೆಕಾರ್ಡ್ ಮಾಡಿಕೊಳ್ಳಿ. ಬರೆದು ಕಳಿಸಿದರೆ ಮುಂದಿನ ವರ್ಷದ ಇ-ಪುಸ್ತಕದಲ್ಲಿ ಅದಕ್ಕೆಂದೇ ಪುಟ ತೆಗೆದಿಡುತ್ತೇವೆ.