ದೂಷಣೆ ಬೇಡ, ಕರುಣೆಯಿರಲಿ

ಯಾರಾದರೂ ಆತ್ಮಹತ್ಯೆ ಮಾಡಿಕೊಂಡರೆ ನಾವು ಮೊದಲು ಕೇಳುವುದು ‘ತಪ್ಪು ಯಾರದು?’ ಎಂದು. ಸಾಲ, ಬೆಳೆನಷ್ಟ, ಕುಡಿತ, ಮನಸ್ತಾಪ ಹೀಗೆ ಹಲವು ಸೇರಿರುತ್ತವೆ. ಒಂದೇ ಕಾರಣ ಇರುವುದು ವಿರಳ.

ಮನದಾಳವನ್ನು ಶೋಧಿಸಿದ ಸಿಗ್ಮಂಡ್ ಫ್ರಾಯ್ಡ್ 1917ರ ಪ್ರಬಂಧವೊಂದರಲ್ಲಿ ವಿವರಿಸಿದಂತೆ, ಪ್ರೀತಿಸಿದ್ದನ್ನು ಕಳೆದುಕೊಂಡವರ ಕೋಪ ಕೆಲವೊಮ್ಮೆ ಒಳಮುಖವಾಗಿ ಅವರನ್ನೇ ಸುಡುತ್ತದೆ. ರೈತನಿಗೆ ಹೊಲವೂ ಅಂಥ ಪ್ರೀತಿಯೇ. ಅದು ಕೈಬಿಟ್ಟಾಗ ‘ನಾನೇ ಕೆಲಸಕ್ಕೆ ಬಾರದವನು’ ಎನಿಸಬಹುದು. ಇದು ಹೇಡಿತನವಲ್ಲ, ಕಾಣದ ಗಾಯ. ಗಂಭೀರ ಮನೋವ್ಯಥೆ ವ್ಯಕ್ತಿಯ ಹೊಣೆಯನ್ನು ತಗ್ಗಿಸಬಲ್ಲದೆಂದು 1992ರ ಧರ್ಮೋಪದೇಶ ಗ್ರಂಥವೂ ಹೇಳುತ್ತದೆ. ಅಂಥವರಿಗಾಗಿ ಧರ್ಮಸಭೆ ಪ್ರಾರ್ಥಿಸುತ್ತದೆ.

ಈ ಗಾಯಕ್ಕೆ ಮದ್ದುಂಟು. ವೈದ್ಯರಲ್ಲದ, ಆದರೆ ತರಬೇತಿ ಪಡೆದ ಸ್ಥಳೀಯರ ಆಪ್ತಸಲಹೆಯಿಂದ ಖಿನ್ನರು ಚೇತರಿಸಿಕೊಂಡದ್ದನ್ನು ನಮ್ಮ ಗೋವೆಯ ಸರ್ಕಾರಿ ಆರೋಗ್ಯ ಕೇಂದ್ರಗಳಲ್ಲಿ ನಡೆದು 2010ರಲ್ಲಿ ಪ್ರಕಟವಾದ ಅಧ್ಯಯನ ತೋರಿಸಿತು.

ಮಂಕಾಗಿರುವವರನ್ನು ‘ಸಾಯಬೇಕೆನಿಸುತ್ತಿದೆಯೇ?’ ಎಂದು ನೇರವಾಗಿ, ಮೆಲ್ಲಗೆ ಕೇಳೋಣ. ಕೇಳಿದ ಮಾತ್ರಕ್ಕೆ ಆ ಯೋಚನೆ ಹುಟ್ಟುವುದಿಲ್ಲ. ಉಪದೇಶ ಬಿಟ್ಟು ಕಿವಿಗೊಡೋಣ. ಬೆಳೆಗೆ ಹೊಡೆಯುವ ಔಷಧಿಯನ್ನು ಮನೆಯಿಂದ ದೂರ, ಬೀಗದೊಳಗೆ ಇಡೋಣ. ಟೆಲಿ ಮಾನಸ್ ಸಂಖ್ಯೆ 14416ಕ್ಕೆ ಹಗಲಿರುಳೂ ಉಚಿತವಾಗಿ ಕರೆ ಮಾಡಬಹುದು. ಬಾಂಬೋಳಿಯಲ್ಲಿ ಸರ್ಕಾರಿ ಮನೋರೋಗ ಆಸ್ಪತ್ರೆಯಿದೆ. ಅಗಲಿದವರ ಮನೆಗೆ ಪ್ರಶ್ನೆಗಳನ್ನು ಹೊತ್ತು ಹೋಗದೆ, ಗಂಜಿ ಹೊತ್ತು ಹೋಗೋಣ.